ಆ ಮೂರು ವಾಕ್ಯ ಕತ್ತರಿಸಿದ್ದು ನಾನೇ

ಮಡಿಕೇರಿಯ ಒಂದು ಪತ್ರಿಕೆಯಲ್ಲಿ ಹನ್ನೊಂದು ವರ್ಷ ಉಪಸಂಪಾದಕನಾಗಿದ್ದೆ. ಅಷ್ಟೂ ವರ್ಷದಲ್ಲಿ ‘ಇದನ್ನು ಹಾಕಬೇಡ’ ಅಂತ ಯಾವ ರಾಜಕಾರಣಿಯೂ ನನಗೆ ಫೋನ್ ಮಾಡಲಿಲ್ಲ. ಮಾಡುವ ಅಗತ್ಯವೇ ಬೀಳಲಿಲ್ಲ ಅನ್ನಿ.

ಒಂದು ಆಗಸ್ಟ್ ಹದಿನೈದರ ಪುರವಣಿಗೆ ನನ್ನ ಅಜ್ಜನ ಬಗ್ಗೆ ಬರೆದೆ. ಎರಡನೇ ಮಹಾಯುದ್ಧದಲ್ಲಿ ಅವರು ಬರ್ಮಾದಲ್ಲಿ ಸೈನ್ಯದ ಲಾರಿ ಓಡಿಸುತ್ತಿದ್ದರು. ಮಳೆಗಾಲದ ಒಂದು ರಾತ್ರಿ, ಕರೆಂಟಿಲ್ಲದಾಗ, ಒಲೆಯ ಮುಂದೆ ಕೂತು ಅಜ್ಜ ಹೇಳಿದ್ದರು: “ಕೈ ಎತ್ತಿಕೊಂಡು ಬಂದ ಜಪಾನಿನವನು ಚಿಕ್ಕ ಹುಡುಗ. ನಮ್ಮವರು ಬಿಡಲಿಲ್ಲ. ನಾನೂ ಬೇಡ ಅನ್ನಲಿಲ್ಲ.” ಬರೆಯುವಾಗ ಈ ಮೂರು ವಾಕ್ಯ ಇತ್ತು. ಪುಟ ಕಟ್ಟುವಾಗ ನಾನೇ ತೆಗೆದೆ. ಯಾರೂ ಹೇಳಿರಲಿಲ್ಲ. ಊರಿನ ಮುಖ್ಯ ವೃತ್ತಕ್ಕೇ ಜನರಲ್ ತಿಮ್ಮಯ್ಯನವರ ಹೆಸರು, ಮನೆಗೊಬ್ಬ ಮಾಜಿ ಸೈನಿಕ. ನಾಳೆ ಯಾರಾದರೂ ಆಫೀಸಿಗೆ ಬಂದರೆ ಅಂತ ನನ್ನಷ್ಟಕ್ಕೇ ಯೋಚಿಸಿಕೊಂಡೆ.

ಕೆಲಸ ಬಿಟ್ಟ ಮೇಲೆ ನಮ್ಮೂರ ಗ್ರಂಥಾಲಯದಲ್ಲಿ ಭಾನುವಾರ ಒಂದಷ್ಟು ಜನ ಸೇರುವ ಅಭ್ಯಾಸ ಶುರುವಾಯಿತು. ಇಬ್ಬರು ಡಿಗ್ರಿ ವಿದ್ಯಾರ್ಥಿಗಳು, ಅಂಗನವಾಡಿ ಟೀಚರ್, ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್, ನಿವೃತ್ತ ಹವಾಲ್ದಾರರು, ಹೀಗೆ ಒಟ್ಟು ಒಂಬತ್ತು ಜನ. ಮಾಧ್ಯಮದ ಬಗ್ಗೆ ಮಾತಾಡಿ ಅಂತ ಕೇಳಿದರು. ನಮ್ಮ ಟಿವಿ ಚಾನೆಲ್‌ಗಳಿಂದ ಶುರು ಮಾಡಿದರೆ ಹತ್ತು ನಿಮಿಷದಲ್ಲಿ ಎರಡು ಪಕ್ಷ ಆಗುತ್ತದೆ. ಅದಕ್ಕೇ ಜಪಾನನ್ನು ಆರಿಸಿಕೊಂಡೆ.

2000ದ ಡಿಸೆಂಬರಿನಲ್ಲಿ ಟೋಕಿಯೋದಲ್ಲಿ ಮಹಿಳಾ ಸಂಘಟನೆಗಳು ಒಂದು ಜನತಾ ನ್ಯಾಯಮಂಡಳಿ ನಡೆಸಿದವು. ಯುದ್ಧಕಾಲದಲ್ಲಿ ಜಪಾನ್ ಸೈನ್ಯ ಲೈಂಗಿಕ ಗುಲಾಮಗಿರಿಗೆ ತಳ್ಳಿದ ಹೆಂಗಸರು ಬಂದು ಸಾಕ್ಷಿ ಹೇಳಿದರು. ಚಕ್ರವರ್ತಿ ಹಿರೋಹಿತೋ ತಪ್ಪಿತಸ್ಥ ಎಂದು ಮಂಡಳಿ ತೀರ್ಮಾನಿಸಿತು. ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಇದರ ಮೇಲೆ ಕಾರ್ಯಕ್ರಮ ಮಾಡಿ 2001ರ ಜನವರಿ 30ಕ್ಕೆ ಪ್ರಸಾರ ಮಾಡಿತು. ಹಿಂದಿನ ದಿನ ಅದರ ಹಿರಿಯ ಅಧಿಕಾರಿಗಳು ಆಗ ಸರ್ಕಾರದಲ್ಲಿದ್ದ, ಮುಂದೆ ಪ್ರಧಾನಿಯಾದ ಶಿಂಜೋ ಅಬೆಯವರನ್ನು ಕಂಡು ಬಂದಿದ್ದರು. ಸಂಸ್ಥೆಯ ಬಜೆಟ್ಟಿಗೆ ಸಂಸತ್ತಿನ ಒಪ್ಪಿಗೆ ಬೇಕು ಅನ್ನುವುದನ್ನು ಮರೆಯಬಾರದು. 44 ನಿಮಿಷದ ಕಾರ್ಯಕ್ರಮ 40 ನಿಮಿಷವಾಗಿ ಹೊರಬಿತ್ತು. ಆ ತೀರ್ಪು ಹೋಯಿತು, ಚೀನಾ ಮತ್ತು ಪೂರ್ವ ತಿಮೋರಿನ ಹೆಂಗಸರ ಸಾಕ್ಷಿ ಹೋಯಿತು, ‘ಹೌದು, ನಾವು ಮಾಡಿದ್ದೆವು’ ಎಂದ ಮಾಜಿ ಸೈನಿಕರ ಮಾತೂ ಹೋಯಿತು. ನಾಲ್ಕು ವರ್ಷದ ನಂತರ ಒಳಗಿನ ನಿರ್ಮಾಪಕರೊಬ್ಬರು ಪತ್ರಕರ್ತರ ಮುಂದೆ ಬಂದು ರಾಜಕೀಯ ಒತ್ತಡ ಇತ್ತು ಎಂದರು. ನಿಷ್ಪಕ್ಷಪಾತವಾಗಿರಲಿ ಎಂದಷ್ಟೇ ಹೇಳಿದ್ದೆ ಎಂದರು ಅಬೆ. ಒತ್ತಡ ಇರಲಿಲ್ಲ ಎಂದಿತು ಎನ್‌ಎಚ್‌ಕೆ.

ಸಂಘಟನೆಯವರು ಕೋರ್ಟಿಗೆ ಹೋದರು. 2007ರಲ್ಲಿ ಟೋಕಿಯೋ ಹೈಕೋರ್ಟ್ ಹೇಳಿದ್ದು ನನ್ನನ್ನು ಹಿಡಿದುಕೊಂಡಿತು: ಅಧಿಕಾರಿಗಳು ರಾಜಕಾರಣಿಗಳ ಮಾತನ್ನು ಅಗತ್ಯಕ್ಕಿಂತ ಹೆಚ್ಚು ತೂಕದಿಂದ ತೆಗೆದುಕೊಂಡು, ಅವರ ಮನಸ್ಸನ್ನು ಊಹಿಸಿ ಕತ್ತರಿಸಿದರು. ಇದಕ್ಕೆ ಅವರಲ್ಲಿ ‘ಸೊಂತಾಕು’ ಅನ್ನುತ್ತಾರೆ. ನಮ್ಮಲ್ಲಿ ಇಂಗಿತ ಅರಿತು ನಡೆಯುವುದು ಅಂತ ಹೊಗಳುತ್ತೇವೆ, ಬಡ್ತಿಯನ್ನೂ ಕೊಡುತ್ತೇವೆ. 2008ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ಏನನ್ನು ಹೇಗೆ ಸಂಪಾದಿಸಬೇಕು ಅನ್ನುವುದು ಪ್ರಸಾರಕರ ಸ್ವಾತಂತ್ರ್ಯ ಎಂದಿತು. ಕತ್ತರಿ ಹಿಡಿದವನಿಗೆ ಸ್ವಾತಂತ್ರ್ಯದ ರಕ್ಷಣೆ!

ಇಷ್ಟು ಹೇಳಿ ಬಿಡಬಹುದಿತ್ತು. ಬದಲಿಗೆ ಅಜ್ಜನ ಲೇಖನದ ಮೂಲ ಪ್ರತಿಯನ್ನು 44 ಸಾಲಿಗೆ ಟೈಪ್ ಮಾಡಿಸಿ, ಒಬ್ಬೊಬ್ಬರಿಗೆ ಒಂದೊಂದು ಪ್ರತಿ, ಒಂದು ಕೆಂಪು ಪೆನ್ನು ಕೊಟ್ಟೆ. “ನಾಲ್ಕು ಸಾಲು ಕಡಿಮೆ ಮಾಡಿ. ಓದುವಾಗ ಪಂಚಾಯಿತಿ ಸದಸ್ಯರೂ ಬರಬಹುದು” ಅಂದೆ, ಅಷ್ಟೇ. ಕಾಲು ಗಂಟೆ ಹಂಚಿನ ಮೇಲೆ ಬೀಳುವ ಮಳೆ ಬಿಟ್ಟರೆ ಬೇರೆ ಸದ್ದಿಲ್ಲ. ಒಂಬತ್ತರಲ್ಲಿ ಎಂಟು ಪ್ರತಿಯಲ್ಲಿ ಆ ಮೂರು ವಾಕ್ಯದ ಮೇಲೆ ಕೆಂಪು ಗೆರೆ ಇತ್ತು. ಉಳಿಸಿದವರು ಹವಾಲ್ದಾರರು, ನಾನು ಹೆದರಿದ್ದ ಆ ಮಾಜಿ ಸೈನಿಕರಲ್ಲೇ ಒಬ್ಬರು. ಅವರು ಹೊಡೆದದ್ದು ಅಜ್ಜನ ಪದಕದ ವರ್ಣನೆಯನ್ನು. “ಪದಕ ನಮ್ಮ ಮನೇಲೂ ಉಂಟು ಮಾರಾಯ್ರೆ. ಈ ಮಾತು ಹೇಳಿದವರು ಎಷ್ಟು ಜನ?” ಅಂದರು.

ಮುಂದಿನ ವಾರ ಹುಡುಗನೊಬ್ಬ ಮೊಬೈಲ್ ಹಿಡಿದು ಬಂದ. ಯುದ್ಧ ಮುಗಿದ ಮೇಲೆ ಗೆದ್ದ ದೇಶಗಳು ಜಪಾನಿನ ನಾಯಕರ ಮೇಲೆ ನಡೆಸಿದ ಟೋಕಿಯೋ ವಿಚಾರಣೆಯಲ್ಲಿ ಜಪಾನ್ ನಿರ್ದೋಷಿ ಎಂದವರು ಭಾರತದ ನ್ಯಾಯಾಧೀಶರೇ ಅಂತ ವಾಟ್ಸಾಪ್ ಸಂದೇಶ. ರಾಧಾಬಿನೋದ್ ಪಾಲ್ ಎಲ್ಲ ಆರೋಪಿಗಳನ್ನೂ ಬಿಡಬೇಕೆಂದು ಭಿನ್ನ ತೀರ್ಪು ಬರೆದದ್ದು ನಿಜ. ಗೆದ್ದವರು ಸೋತವರನ್ನು ಹೊಸ ಕಾನೂನಿನಲ್ಲಿ ಶಿಕ್ಷಿಸುವುದು ಅವರಿಗೆ ಒಪ್ಪಿಗೆ ಇರಲಿಲ್ಲ. ಆದರೆ ಜಪಾನ್ ಸೈನಿಕರು ನಾಗರಿಕರ ಮೇಲೆ ನಡೆಸಿದ ದೌರ್ಜನ್ಯಕ್ಕೆ ಬಲವಾದ ಸಾಕ್ಷ್ಯ ಇದೆ ಎಂದೂ ಅದೇ ತೀರ್ಪಿನಲ್ಲಿದೆ. ಸಂದೇಶದಲ್ಲಿ ಆ ಅರ್ಧ ಇಲ್ಲ. ಹುಡುಗ ತಾನೇ ಹೇಳಿದ: “ಇದಕ್ಕೂ ಕೆಂಪು ಪೆನ್ನು ಬಿದ್ದಿದೆ ಸಾರ್.”

ಯುದ್ಧಕಾಲದಲ್ಲಿ ಜಪಾನಿನ ವಶದಲ್ಲಿದ್ದ ಅಂಡಮಾನಿನ ಮಾತೂ ಬಂತು. 1944ರ ಜನವರಿ 30ರಂದು ಹೋಮ್‌ಫ್ರೇಗಂಜ್‌ನಲ್ಲಿ ಜಪಾನ್ ಸೈನ್ಯ ಗೂಢಚಾರರೆಂದು 44 ಭಾರತೀಯರನ್ನು ಗುಂಡಿಟ್ಟು ಕೊಂದಿತು. ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಆಗ ಡಿಗ್ರಿ ಓದುವ ಹುಡುಗಿ ಕೇಳಿದಳು: “ಸಾರ್, ದೂರದ ಜಪಾನ್ ಸುಲಭ. ದೇವಟ್ಟಿಪರಂಬು ತಗೊಳ್ಳೋಣವಾ?” ಎಲ್ಲರೂ ನೆಲ ನೋಡಿದರು. ಕೊಡಗಿನ ಆ ಜಾಗದಲ್ಲಿ ಟಿಪ್ಪುವಿನ ಸೈನ್ಯ ಕೊಡವರನ್ನು ಕೊಂದಿತು ಎನ್ನುವ ಘಟನೆಗೆ ಎಷ್ಟು ಜನ ಬಲಿಯಾದರು ಅನ್ನುವ ಜಗಳ ಇನ್ನೂ ಮುಗಿದಿಲ್ಲ. 2015ರ ನವೆಂಬರ್ 10ರಂದು ಟಿಪ್ಪು ಜಯಂತಿಯ ಹೆಸರಲ್ಲಿ ಮಡಿಕೇರಿಯಲ್ಲಿ ಕಲ್ಲು ತೂರಾಟದ ಗಲಾಟೆಯಾಗಿ ಜೀವ ಹೋದದ್ದನ್ನು ಕಂಡವರೇ ಎದುರಿಗೆ ಕೂತಿದ್ದರು. “ಮುಂದಿನ ವಾರ” ಅಂದೆ. ಮನೆಗೆ ಹೋಗುವಾಗ ಅರಿವಾಯಿತು, ಮತ್ತೆ ಇಂಗಿತ ಅರಿತು ನಡೆದಿದ್ದೆ. ಮುಂದಿನ ವಾರ ಕೂತೆವು. ಸಂಖ್ಯೆಯನ್ನು ಬದಿಗಿಟ್ಟು, ಪ್ರತಿ ಹೇಳಿಕೆಗೂ ಮೂರು ಪ್ರಶ್ನೆ ಹಾಕಿದೆವು: ಯಾರು ಬರೆದರು, ಎಷ್ಟು ವರ್ಷದ ಮೇಲೆ ಬರೆದರು, ಯಾರಿಗೆ ಓದಿಸಲು ಬರೆದರು. ಟಿಪ್ಪುವಿನ ಕಡೆಯವರ ಬರಹಕ್ಕೂ ಬ್ರಿಟಿಷರ ಬರಹಕ್ಕೂ ಒಂದೇ ಅಳತೆ. ಎರಡು ಸಲ ದನಿ ಏರಿತು, ರೈಟರ್ ಎದ್ದು ಹೊರಗೆ ಹೋಗಿ ಬೀಡಿ ಸೇದಿ ಬಂದರು. ಆದರೆ ಬಂದರು.

ಈ ವರ್ಷದ ಪುರವಣಿಗೆ ಅಜ್ಜನ ಲೇಖನವನ್ನು ಮೂರೂ ವಾಕ್ಯ ಸೇರಿಸಿ ಕಳಿಸಿದೆ. ಅಚ್ಚಾಯಿತು. ‘ನಾನೂ ಬೇಡ ಅನ್ನಲಿಲ್ಲ’ ಎಂಬುದು ಮಾತ್ರ ಇರಲಿಲ್ಲ. ಡೆಸ್ಕಿನ ಹುಡುಗನಿಗೆ ಫೋನ್ ಮಾಡಿ, ಯಾರಾದರೂ ಹೇಳಿದರಾ ಅಂತ ಕೇಳಿದೆ.

“ಇಲ್ಲ ಸಾರ್,” ಅಂದ, “ಜಾಗ ಸಾಲಲಿಲ್ಲ.”