ಚರ್ಚಿನ ಪುಸ್ತಕದ ತಾರೀಖು ಹುಟ್ಟಿದ ತಾರೀಖಲ್ಲ

ವಂಶವೃಕ್ಷ ಬರೆಯಲು ಹೊರಟವರು ಮಾಡುವ ಮೊದಲ ಎಡವಟ್ಟು ಇದೇ. ಚರ್ಚಿನ ಪುಸ್ತಕದಲ್ಲಿರುವ ಜ್ಞಾನಸ್ನಾನದ (ನೀರು ಹಾಕಿ ಕ್ರೈಸ್ತ ಸಭೆಗೆ ಸೇರಿಸುವ ವಿಧಿ, ಬ್ಯಾಪ್ಟಿಸಂ) ತಾರೀಖನ್ನು ಸೀದಾ ‘ಜನನ’ ಎಂಬ ಖಾನೆಗೆ ತುಂಬಿಬಿಡುತ್ತಾರೆ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಚಾರ್ಟುಗಳಲ್ಲಿ ಬೇರೆ ಖಾನೆಯೇ ಇರುವುದಿಲ್ಲ, ಅವನ್ನು ಕೊಳ್ಳಲೇಬೇಡಿ.

ಹಳೇ ಕಾಲದಲ್ಲಿ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಸ್ನಾನ ಆಗುತ್ತಿತ್ತು ನಿಜ. ಆದರೆ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟಂಟ್ ಸಂಸ್ಥೆಯ ಕಡೆಯವರಲ್ಲಿ ದೊಡ್ಡವರಾದ ಮೇಲೆ ದೀಕ್ಷಾಸ್ನಾನ (ಜ್ಞಾನಸ್ನಾನಕ್ಕೇ ಇನ್ನೊಂದು ಹೆಸರು) ಪಡೆದವರು ಎಷ್ಟೋ ಮಂದಿ. ಮುಂದೆ ಅದೇ ಮಿಷನ್ನಿನ ಪಾದ್ರಿಯಾದ ಮಂಗಳೂರಿನ ಹರ್ಮನ್ ಆನಂದರಾವ್ ಕೌಂಡಿನ್ಯ ಹುಟ್ಟಿದ್ದು 1825ರಲ್ಲಿ, ದೀಕ್ಷಾಸ್ನಾನ 1844ರಲ್ಲಿ. ‘ಹರ್ಮನ್’ ಆಗ ಬಂದ ಹೆಸರು. ಎರಡನ್ನೂ ಒಂದೇ ಮಾಡಿದರೆ ಹತ್ತೊಂಬತ್ತು ವರ್ಷ ಮಾಯ!

ಮೊದಲು ಯಾವ ಚರ್ಚು ಅಂತ ಮನೆಯ ಹಿರಿಯರನ್ನು ಕೇಳಿ. ಆಮೇಲೆ ಪಾದ್ರಿಗಳ ಒಪ್ಪಿಗೆ ಪಡೆಯಿರಿ. ಕರಾವಳಿಯ ಕ್ಯಾಥೋಲಿಕರನ್ನು ಟಿಪ್ಪು 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಚರ್ಚುಗಳೂ ಉರುಳಿದವು, ಹಾಗಾಗಿ ಅದಕ್ಕಿಂತ ಹಿಂದಿನ ಪುಸ್ತಕ ಸಿಗುತ್ತದೆ ಅಂತ ಜಾಸ್ತಿ ಆಸೆ ಬೇಡ. ಸರ್ಟಿಫಿಕೇಟ್ ಒಂದನ್ನೇ ತೆಗೆದುಕೊಂಡು ಬರುವ ಶಾರ್ಟ್‌ಕಟ್ಟೂ ಬೇಡ. ಸಾಧ್ಯವಾದರೆ ಮೂಲ ಪುಸ್ತಕವನ್ನೇ ನೋಡಿ, ಅದರ ಅಂಚನ್ನೂ ನೋಡಿ. ಕ್ಯಾಥೋಲಿಕರಲ್ಲಿ 1908ರಿಂದ ಮದುವೆಯಾದವರ ವಿವರವನ್ನು ಜ್ಞಾನಸ್ನಾನದ ಪುಸ್ತಕದಲ್ಲೂ ಬರೆಯಬೇಕೆಂಬ ನಿಯಮ ಬಂತು. ನಮ್ಮ ಅಜ್ಜಿಯ ಮದುವೆ ಯಾವ ಊರಲ್ಲಾಯಿತು ಅಂತ ನನಗೆ ತಿಳಿದದ್ದು ಆ ಅಂಚಿನಲ್ಲೇ.

ಇನ್ನು ಕಷ್ಟದ ಭಾಗ, ಹಳೇ ಕ್ಯಾಥೋಲಿಕ್ ಪುಸ್ತಕಗಳಲ್ಲಿರುವ ಲ್ಯಾಟಿನ್ ಓದುವುದು. ಇಲ್ಲಿ ಅವಸರ ಮಾಡಬೇಡಿ. ‘ಇಂಥವನಿಗೆ ಸ್ನಾನ ಕೊಟ್ಟೆ’ ಎಂದು ಬರೆಯುವಾಗ ಹೆಸರಿನ ಬಾಲ ಬದಲಾಗುತ್ತದೆ. ‘ಪೆತ್ರುಂ’ ಅಂದರೆ ಪೆತ್ರುಸ್, ಅಂದರೆ ಪೀಟರ್. ಒಬ್ಬರು ಇಡೀ ಕುಟುಂಬಕ್ಕೆ ಹಂಚಿದ ಚಾರ್ಟಿನಲ್ಲಿ ‘ಪೆತ್ರುಂ’ ಅಂತಲೇ ಅಚ್ಚಾಗಿತ್ತು, ಪಾಪ. ‘ಫಿಲಿಯುಂ’ ಮಗ, ‘ಫಿಲಿಯಾಂ’ ಮಗಳು. ಒಂದೇ ಅಕ್ಷರದ ವ್ಯತ್ಯಾಸ, ಶಾಯಿ ಮಾಸಿದ್ದರೆ ಭೂತಗನ್ನಡಿ ಬೇಕು. ‘ಯಾಕೋಬುಸ್’ ಅಂದರೆ ಮನೆಯಲ್ಲಿ ಜೇಮ್ಸ್ ಇದ್ದಿರಬಹುದು. ‘ಡೋಮಿ’ ಅಂತಿದ್ದರೆ ಮನೆಯಲ್ಲಿ ಎಂದರ್ಥ. ಜೀವಕ್ಕೆ ಅಪಾಯವಿದ್ದ ಕೂಸಿಗೆ ಮನೆಯಲ್ಲೇ ನೀರು ಹಾಕಿ, ಉಳಿದ ವಿಧಿಯನ್ನು ಆಮೇಲೆ ಚರ್ಚಿನಲ್ಲಿ ಮುಗಿಸಿರುತ್ತಾರೆ. ಆಗ ಎರಡು ತಾರೀಖು ಇರಬಹುದು, ಎರಡನ್ನೂ ಬರೆದುಕೊಳ್ಳಿ.

ತಿಂಗಳಲ್ಲಂತೂ ಎಲ್ಲರೂ ಮುಗ್ಗರಿಸುತ್ತಾರೆ. ಹಳೇ ಲ್ಯಾಟಿನ್ ದಾಖಲೆಗಳಲ್ಲಿ ‘7ಬ್ರಿಸ್’ ಕಂಡರೆ ಅದು ಜುಲೈ ಅಲ್ಲ, ಸೆಪ್ಟೆಂಬರ್! ರೋಮನ್ನರ ವರ್ಷ ಹಿಂದೆ ಮಾರ್ಚಿನಿಂದ ಶುರುವಾಗುತ್ತಿತ್ತು. ನಮಗೆ ನೆನಪಿಡುವುದು ಸುಲಭ ಅಲ್ವಾ: ಸಪ್ತ ಸೆಪ್ಟೆಂಬರ್, ಅಷ್ಟ ಅಕ್ಟೋಬರ್, ನವ ನವೆಂಬರ್, ದಶ ಡಿಸೆಂಬರ್.

ಓದಿದ್ದನ್ನು ಇದ್ದಂತೆಯೇ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ, ಅರ್ಥ ಪಕ್ಕದಲ್ಲಿರಲಿ. ಪೆನ್ನು ಹಳೇ ಪುಸ್ತಕದ ಹತ್ತಿರಕ್ಕೂ ಬರಬಾರದು. ಫೋಟೊಗೆ ಒಪ್ಪಿದರೆ ಮಾಮೂಲಿ ಕ್ಯಾಮೆರಾ ಸಾಕು. ಸ್ಕ್ಯಾನರ್ ಆ್ಯಪ್‌ಗಳು ಕಪ್ಪು–ಬಿಳುಪು ಮಾಡಿ ಮಸುಕು ಅಕ್ಷರವನ್ನೇ ನುಂಗಿಬಿಡುತ್ತವೆ. ಮನೆಯಲ್ಲಿರುವ ಹಳೇ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಸೆಲೋಟೇಪೂ ಬೇಡ.

ಕಂಪ್ಯೂಟರಿಗೆ ಹಾಕುವುದಾದರೆ ನನ್ನ ಮಟ್ಟಿಗೆ ಗ್ರಾಂಪ್ಸ್ ಎಂಬ ವಂಶವೃಕ್ಷದ ತಂತ್ರಾಂಶ ಒಳ್ಳೆಯದು, ದುಡ್ಡು ಕೊಡಬೇಕಿಲ್ಲ. ಜ್ಞಾನಸ್ನಾನವನ್ನು ಬೇರೆ ಘಟನೆಯಾಗಿ ಸೇರಿಸಿ. ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ‘ಈ ತಾರೀಖಿಗಿಂತ ಮುಂಚೆ’ ಎಂದು ಹಾಕಲು ಅದರಲ್ಲಿ ದಾರಿಯಿದೆ. ಜ್ಞಾನಪಿತ, ಜ್ಞಾನಮಾತೆಯರ (ಸ್ನಾನದ ವೇಳೆ ಮಗುವಿನ ಪರವಾಗಿ ನಿಲ್ಲುವವರು) ಹೆಸರನ್ನು ಬಿಡಬೇಡಿ. ಅವರು ಸಾಮಾನ್ಯವಾಗಿ ಚಿಕ್ಕಪ್ಪನೋ ಸೋದರತ್ತೆಯೋ ಆಗಿರುತ್ತಾರೆ. ಮುಂದಿನ ಕೊಂಬೆ ಸಿಗುವುದು ಅಲ್ಲೇ.