ಮಾವಿನ ಕ್ರಂಬಲ್‌ಗೆ ರಸಪುರಿ ಬೇಡ

ಸೀಕರಣೆಗೆ ರಸಪುರಿಯನ್ನು ಮೀರಿಸುವ ಹಣ್ಣಿಲ್ಲ. ಆದರೆ ಕ್ರಂಬಲ್ ಮಾಡುವಾಗ ನಾನು ಅದನ್ನು ಮುಟ್ಟುವುದೇ ಇಲ್ಲ. ಓವನ್ ಬಿಸಿಗೆ ಅದರ ರಸವೆಲ್ಲ ಉಕ್ಕಿ ಬಂದು ಮೇಲಿನ ಪುಡಿಯನ್ನೂ ನೆನೆಸಿಬಿಡುತ್ತದೆ. ಆಮೇಲೆ ಚಮಚದಲ್ಲಿ ಬರುವುದು ಸಿಹಿ ಗಂಜಿ.

ಕ್ರಂಬಲ್ ಇಂಗ್ಲೆಂಡಿನ ಕಡೆಯ ತಿಂಡಿ. ಕೆಳಗೆ ಹಣ್ಣು, ಮೇಲೆ ಬೆಣ್ಣೆ, ಹಿಟ್ಟು, ಸಕ್ಕರೆ ಸೇರಿಸಿ ಉಜ್ಜಿದ ಪುಡಿ, ಅಷ್ಟೇ. ಅಲ್ಲಿ ಹುಳಿ ಸೇಬು ಹಾಕುವುದು ಜಾಸ್ತಿ. ಹಣ್ಣಿನಲ್ಲಿ ಹುಳಿ ಇದ್ದರೇನೇ ಮೇಲಿನ ಸಿಹಿಗೆ ಬೆಲೆ. ಅದಕ್ಕೇ ನಾನು ಚಿಕ್ಕಮಗಳೂರು ಸಂತೆಯಲ್ಲಿ ಗಟ್ಟಿ ತೋತಾಪುರಿ ಹುಡುಕುತ್ತೇನೆ. ಪೂರ್ತಿ ಮಾಗಿರಬಾರದು, ಒತ್ತಿದರೆ ಸ್ವಲ್ಪವೇ ಬಗ್ಗಬೇಕು. ತೋತಾಪುರಿ ತಡವಾಗಿ ಬರುವ ಹಣ್ಣು. ಅದು ಬರುವ ತನಕ ಅರೆಮಾಗಿದ ಬಾದಾಮಿ ಮಾವಿಗೆ ಒಂದು ನಿಂಬೆಹಣ್ಣು ಹಿಂಡಿದರೂ ನಡೆಯುತ್ತದೆ.

ಮುಕ್ಕಾಲು ಕೆಜಿ ಮಾವಿನ ಹೋಳುಗಳಿಗೆ 3 ಚಮಚ ಸಕ್ಕರೆ, 1 ಚಮಚ ಕಾರ್ನ್‌ಫ್ಲೋರ್, ನಾಲ್ಕು ಏಲಕ್ಕಿ. ಮಲೆನಾಡಿನಲ್ಲಿದ್ದುಕೊಂಡು ಏಲಕ್ಕಿ ಬಿಟ್ಟು ದಾಲ್ಚಿನ್ನಿ ಹಾಕಲು ನನಗೆ ಮನಸ್ಸಾಗುವುದಿಲ್ಲ. ಹೋಳು ದೊಡ್ಡದಿರಲಿ, ಸಣ್ಣಗೆ ಹೆಚ್ಚಿದರೆ ಕರಗಿ ಹೋಗುತ್ತದೆ.

ಮೇಲಿನ ಪುಡಿಗೆ ನನ್ನ ಲೆಕ್ಕ ಸುಲಭ: ಹಿಟ್ಟು ಎರಡು ಪಾಲು, ಬೆಣ್ಣೆ ಒಂದು, ಬೆಲ್ಲದ ಪುಡಿ ಒಂದು. 150 ಗ್ರಾಂ ಹಿಟ್ಟಿನಲ್ಲಿ 100 ಮೈದಾ, ಉಳಿದ 50 ರಾಗಿ. ರಾಗಿ ಅರಸೀಕೆರೆಯ ತವರಿನಿಂದ ಬಂದದ್ದು. ಘಮ್ಮೆನ್ನುವವರೆಗೆ ಹುರಿದು, ಆರಿಸಿ ಹಾಕುತ್ತೇನೆ. ಮೈದಾದಲ್ಲಿರುವ ಗ್ಲುಟೆನ್ ಎಂಬ ಅಂಟು ರಾಗಿಯಲ್ಲಿ ಇಲ್ಲ, ಹಾಗಾಗಿ ಜಿಗುಟಾಗದೆ ಪುಡಿಪುಡಿಯಾಗಿಯೇ ಉಳಿಯುತ್ತದೆ. ಅತ್ತೆ ಇಣುಕಿ, "ಮುದ್ದೆ ಹಿಟ್ಟನ್ನ ಹಣ್ಣಿನ ಮೇಲೆ ಯಾಕಮ್ಮಾ ಸುರೀತಿದ್ದೀಯ?" ಅಂದರು. ಬೆಂದ ಮೇಲೆ ಬಟ್ಟಲು ಮುಂದೆ ಚಾಚಿದವರೂ ಅವರೇ.

ಬೆಣ್ಣೆಯ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದೇ ಆಗಬೇಕು. ತಣ್ಣನೆ ಬೆಣ್ಣೆ ಚೂರುಚೂರಾಗಿ ಹಿಟ್ಟಿನ ನಡುವೆ ಕೂತಿದ್ದರೆ ಬೇಯುವಾಗ ಹರಳುಹರಳಾಗುತ್ತದೆ. ಕರಗಿದ ಬೆಣ್ಣೆಯಾದರೆ ಹಿಟ್ಟೆಲ್ಲ ಒಂದೇ ಉಂಡೆ. ಏಪ್ರಿಲ್ ಸೆಕೆಯಲ್ಲಿ ಬೆರಳು ತಾಗಿದರೂ ಕರಗುತ್ತದಲ್ವಾ, ಅದಕ್ಕೆ ಗಟ್ಟಿ ಬೆಣ್ಣೆಯನ್ನು ತುರಿಮಣೆಯಲ್ಲಿ ತುರಿದು, ಬೆರಳ ತುದಿಯಲ್ಲಷ್ಟೇ ಉಜ್ಜುತ್ತೇನೆ. ಒರಟು ರವೆಯ ಹಾಗಾದರೆ ಸಾಕು. ಆಮೇಲೆ ಪುಡಿಯನ್ನು ಕಾಲು ಗಂಟೆ ಫ್ರೀಜರ್‌ನಲ್ಲಿಡುತ್ತೇನೆ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರಿನಂಶ ಜಾಸ್ತಿ. ಅದೇ ಬೇಕೆಂದರೆ ಚೆನ್ನಾಗಿ ಹಿಂಡಿ, ಫ್ರಿಜ್‌ನಲ್ಲಿ ಗಟ್ಟಿ ಮಾಡಿಕೊಳ್ಳಿ. ಉಪ್ಪಿರುವ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ.

ಪುಡಿಯನ್ನು ಹಣ್ಣಿನ ಮೇಲೆ ಸುಮ್ನೆ ಉದುರಿಸಿ, ಒತ್ತಬೇಡಿ. ಒತ್ತಿದರೆ ಹಬೆಗೆ ದಾರಿ ಸಿಗುವುದಿಲ್ಲ. ಮೊದಲೇ ಕಾಯಿಸಿಟ್ಟ ಓಟಿಜಿಯಲ್ಲಿ (ಮೇಜಿನ ಮೇಲಿಡುವ ಸಣ್ಣ ಕರೆಂಟ್ ಓವನ್), ಮೇಲಿನ ಕೆಳಗಿನ ಎರಡೂ ಬಿಸಿಯಾಗುವ ಕಂಬಿ ಹಾಕಿ, 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಮೇಲೆ ಬಣ್ಣ ಬಂತೆಂದು ತೆಗೆಯಬೇಡಿ, ರಾಗಿಯ ಬಣ್ಣ ಮೊದಲೇ ಮೋಸ ಮಾಡುತ್ತದೆ. ಅಂಚಿನಲ್ಲಿ ರಸ ಕೊತಕೊತ ಕುದಿಯಬೇಕು. ಆಗಲೇ ಕಾರ್ನ್‌ಫ್ಲೋರ್ ರಸವನ್ನು ಹಿಡಿಯುವುದು. ಹೊರಗೆ ತೆಗೆದು 20 ನಿಮಿಷ ಬಿಟ್ಟರೆ ಇನ್ನಷ್ಟು ಗಟ್ಟಿಯಾಗುತ್ತದೆ.

ನಮ್ಮಲ್ಲಿ ಮೇ ತಿಂಗಳ ಸಂಜೆ ಗುಡುಗಿದರೆ ಕರೆಂಟ್ ಹೋಯಿತೆಂದೇ ಲೆಕ್ಕ. ಅದಕ್ಕೆ ನಾನು ಬೇಕಿಂಗ್ ಕೆಲಸವನ್ನೆಲ್ಲ ಬೆಳಿಗ್ಗೆಯೇ ಮುಗಿಸುತ್ತೇನೆ. ಓವನ್ ಇಲ್ಲದವರು ಹಣ್ಣನ್ನು ಬಾಣಲೆಯಲ್ಲಿ ಗಟ್ಟಿಯಾಗುವವರೆಗೆ ಬೇಯಿಸಿ, ಪುಡಿಯನ್ನು ತವಾ ಮೇಲೆ ಸಣ್ಣ ಉರಿಯಲ್ಲಿ ಬೇರೆಯಾಗಿ ಹುರಿದು, ತಿನ್ನುವ ಹೊತ್ತಿಗೆ ಮೇಲೆ ಹಾಕಿಕೊಳ್ಳಬಹುದು. ಮುಚ್ಚಳ ಮುಚ್ಚಿ ಎರಡನ್ನೂ ಒಟ್ಟಿಗೆ ಬೇಯಿಸಿದರೆ ಮೇಲಿನದು ಹಬೆಗೆ ಮೆತ್ತಗಾಗುತ್ತದೆ.