ದೃಷ್ಟಿ ಮಂದವಾದಾಗ: ಕಾರಣವನ್ನು ಅರಿಯುವ ಬಗೆ, ವೈದ್ಯರನ್ನು ಕಾಣಬೇಕಾದ ವೇಳೆ

ಕಣ್ಣು ಮಂಜಾದಾಗ ನಾವು ಮೊದಲು ಗಮನಿಸುವುದು ನೋವು ಇದೆಯೋ ಇಲ್ಲವೋ ಎಂಬುದನ್ನು. ನೋವಿಲ್ಲದಿದ್ದರೆ ನಾಲ್ಕು ದಿನ ನೋಡೋಣ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ದೃಷ್ಟಿಯನ್ನು ಶಾಶ್ವತವಾಗಿ ಕಸಿದುಕೊಳ್ಳುವ ಕಾಯಿಲೆಗಳಲ್ಲಿ ಬಹುಪಾಲು ನೋಯುವುದೇ ಇಲ್ಲ. ಕಣ್ಣಿನ ಹಿಂಬದಿಯಲ್ಲಿರುವ, ಬೆಳಕನ್ನು ಗ್ರಹಿಸುವ ಅಕ್ಷಿಪಟಲಕ್ಕೆ ನೋವನ್ನು ತಿಳಿಸುವ ನರತಂತುಗಳಿಲ್ಲ. ಅದಕ್ಕೆ ರಕ್ತ ಬರುವುದು ನಿಂತರೂ, ಅದು ಹರಿದರೂ, ಅಂಟಿಕೊಂಡಿದ್ದ ಜಾಗದಿಂದ ಕಳಚಿ ಬಂದರೂ ವ್ಯಕ್ತಿಗೆ ನೋವಾಗುವುದಿಲ್ಲ. ಆದ್ದರಿಂದ ಎಷ್ಟು ಅವಸರ ಮಾಡಬೇಕೆಂಬುದನ್ನು ನೋವಿನಿಂದ ನಿರ್ಧರಿಸಬಾರದು. ದೃಷ್ಟಿ ಎಷ್ಟು ಬೇಗ ಕುಗ್ಗಿತು, ಒಂದೇ ಕಣ್ಣಿನಲ್ಲೋ ಎರಡರಲ್ಲೂ, ನೋಟದ ಯಾವ ಭಾಗದಲ್ಲಿ ಎಂಬ ಮೂರು ಸಂಗತಿಗಳಿಂದ ಅದನ್ನು ನಿರ್ಧರಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ಹತ್ತಿರದ ಅಥವಾ ದೂರದ ದೃಷ್ಟಿಯಲ್ಲಿ ಕೊರತೆಯಿದೆ. ಅವರಲ್ಲಿ ಕನಿಷ್ಠ 100 ಕೋಟಿ ಜನರ ತೊಂದರೆ ತಡೆಯಬಹುದಾಗಿದ್ದದ್ದು ಅಥವಾ ಪರಿಹಾರ ಇದ್ದೂ ಅವರಿಗೆ ಸಿಗದೆ ಹೋದದ್ದು. ಈ ಎರಡನೆಯ ಸಂಖ್ಯೆಯೇ ಹೆಚ್ಚು ಸಂಕಟದ್ದು.

ಮೊದಲು ಒಂದೊಂದೇ ಕಣ್ಣನ್ನು ಪರೀಕ್ಷಿಸಿ

ಎರಡೂ ಕಣ್ಣು ತೆರೆದಿರುವಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಹೀಗಾಗಿ ಒಂದು ಕಣ್ಣು ತಿಂಗಳುಗಟ್ಟಲೆ ಮಂಜಾಗಿದ್ದರೂ ಅದು ತಿಳಿಯದೆ, ಯಾವುದೋ ದಿನ ಕಣ್ಣಿಗೆ ಧೂಳು ಬಿದ್ದು ಉಜ್ಜಿಕೊಳ್ಳುವಾಗ ತಟ್ಟನೆ ಗೊತ್ತಾಗುವುದುಂಟು. ಇದನ್ನು ತಪ್ಪಿಸಲು ಅಂಗೈಯನ್ನು ತುಸು ಬಟ್ಟಲಿನಂತೆ ಬಾಗಿಸಿ, ಕಣ್ಣುಗುಡ್ಡೆಯನ್ನು ಒತ್ತದೆ, ಒಂದು ಕಣ್ಣನ್ನು ಪೂರ್ತಿಯಾಗಿ ಮುಚ್ಚಿ. ಇನ್ನೊಂದರಿಂದ ಗೋಡೆಯ ಗಡಿಯಾರವನ್ನೋ ಕ್ಯಾಲೆಂಡರನ್ನೋ ನೋಡಿ. ಕನ್ನಡಕ ಇರುವವರು ಅದನ್ನು ಹಾಕಿಕೊಂಡೇ ನೋಡಬೇಕು. ಅಕ್ಷರಗಳು ಸ್ಪಷ್ಟವಾಗಿವೆಯೇ, ಕ್ಯಾಲೆಂಡರಿನ ಗೆರೆಗಳು ನೇರವಾಗಿವೆಯೇ ಅಥವಾ ನಡುವೆ ಎಲ್ಲೋ ಡೊಂಕಾಗಿವೆಯೇ, ಒಂದೇ ಕಡೆ ದಿಟ್ಟಿಸುವಾಗ ಸುತ್ತಲಿನ ಯಾವುದಾದರೂ ಮೂಲೆ ಕಾಣೆಯಾಗಿದೆಯೇ ಎಂಬುದನ್ನು ಗಮನಿಸಿ, ಬಳಿಕ ಕಣ್ಣು ಬದಲಿಸಿ. ಎರಡೂ ಕಣ್ಣುಗಳಿಗೆ ಒಂದೇ ಕೆಂಪು ವಸ್ತುವನ್ನು ತೋರಿಸಿದಾಗ ಒಂದರಲ್ಲಿ ಬಣ್ಣ ಮಾಸಿದಂತೆ ಕಂಡರೆ ದೃಷ್ಟಿನರದ ತೊಂದರೆಯನ್ನು ಶಂಕಿಸಬೇಕು.

ಇನ್ನೊಂದು ಸರಳ ಪರೀಕ್ಷೆಯಿದೆ. ದಪ್ಪ ಕಾಗದದಲ್ಲಿ ಗುಂಡುಸೂಜಿಯಿಂದ ಒಂದು ತೂತು ಮಾಡಿ, ಒಂದು ಕಣ್ಣನ್ನು ಮುಚ್ಚಿಕೊಂಡು, ಮಂಜಾದ ಕಣ್ಣಿನಿಂದ ಆ ತೂತಿನ ಮೂಲಕ ನೋಡಿ. ಮೊದಲು ಓದಲಾಗದ ಅಕ್ಷರ ಈಗ ತಿಳಿಯಾಗಿ ಕಂಡರೆ ಕಾರಣ ಹೆಚ್ಚಾಗಿ ಕನ್ನಡಕದ ನಂಬರಿಗೆ ಸಂಬಂಧಿಸಿದ್ದು. ಹಾಗೂ ತಿಳಿಯಾಗದಿದ್ದರೆ ಮಸೂರ, ಅಕ್ಷಿಪಟಲ ಅಥವಾ ನರದಲ್ಲಿ ದೋಷವಿರುವ ಸಾಧ್ಯತೆ ಹೆಚ್ಚುತ್ತದೆ. ಇಂಥ ಪರೀಕ್ಷೆಗಳು ವೈದ್ಯರಿಗೆ ವಿವರ ಹೇಳಲು ಒದಗುತ್ತವೆಯೇ ಹೊರತು, ಮನೆಯಲ್ಲೇ ರೋಗವನ್ನು ತಳ್ಳಿಹಾಕಲು ಅಲ್ಲ.

ಆ ಗಳಿಗೆಯಲ್ಲೇ ಹೊರಡಬೇಕಾದ ಸಂದರ್ಭಗಳು

ನಿಮಿಷಗಳಲ್ಲಿ ಅಥವಾ ಗಂಟೆಗಳಲ್ಲಿ ದೃಷ್ಟಿ ಹೋದರೆ, ಅದು ಒಂದು ಕಣ್ಣಾಗಿರಲಿ ಎರಡಾಗಿರಲಿ, ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲಿ ಎಂದು ಕಾಯುವುದು ಸಲ್ಲದು.

ಒಂದು ಕಣ್ಣು ನೋವಿಲ್ಲದೆ ಏಕಾಏಕಿ ಕತ್ತಲಾಗುವುದಕ್ಕೆ ಅತಿ ಗಂಭೀರವಾದ ಕಾರಣ ಅಕ್ಷಿಪಟಲದ ಮುಖ್ಯ ಅಪಧಮನಿ ಮುಚ್ಚಿಹೋಗುವುದು. ಇದು ಕಣ್ಣಿಗೆ ಆಗುವ ಪಾರ್ಶ್ವವಾಯು. ಕೆಲವೇ ಗಂಟೆಗಳಲ್ಲಿ ಅಕ್ಷಿಪಟಲದ ಜೀವಕೋಶಗಳು ಮರಳಿ ಚೇತರಿಸಿಕೊಳ್ಳಲಾರದಷ್ಟು ಹಾಳಾಗುತ್ತವೆ. ಹೃದಯದಿಂದ ಅಥವಾ ಕುತ್ತಿಗೆಯ ರಕ್ತನಾಳದಿಂದ ಬಂದ ಹೆಪ್ಪು ಇದಕ್ಕೆ ಕಾರಣವಾಗಿರಬಹುದಾದ್ದರಿಂದ, ಮುಂದಿನ ದಿನಗಳಲ್ಲಿ ಮಿದುಳಿಗೂ ಅದೇ ಗತಿ ಬರುವ ಅಪಾಯವಿರುತ್ತದೆ. ಹೀಗಾಗಿ ಕನ್ನಡಕದಂಗಡಿಯನ್ನು ಹುಡುಕದೆ, ಪಾರ್ಶ್ವವಾಯುವಿಗೆ ಚಿಕಿತ್ಸೆ ಕೊಡಬಲ್ಲ ಆಸ್ಪತ್ರೆಯನ್ನೇ ಸೇರಬೇಕು. ಕಣ್ಣಿನ ಮೇಲೆ ಪರದೆ ಇಳಿದಂತಾಗಿ ಕೆಲವು ನಿಮಿಷಗಳಲ್ಲಿ ಎಲ್ಲ ಸರಿಹೋದರೂ ಇದೇ ಮಾತು ಅನ್ವಯಿಸುತ್ತದೆ. ಸರಿಹೋಯಿತಲ್ಲ ಎಂಬ ಸಮಾಧಾನ ಇಲ್ಲಿ ಬಹಳ ಅಪಾಯಕಾರಿ, ಏಕೆಂದರೆ ಅಂಥ ಕ್ಷಣಿಕ ಕತ್ತಲೆ ಬರಲಿರುವ ಪಾರ್ಶ್ವವಾಯುವಿನ ಮುನ್ಸೂಚನೆಯಾಗಿರಬಹುದು.

ಪಾರ್ಶ್ವವಾಯು ಮಿದುಳಿನ ಹಿಂಭಾಗದಲ್ಲಿ ಆದಾಗ ಎರಡೂ ಕಣ್ಣುಗಳ ಒಂದೇ ಪಾರ್ಶ್ವದ ನೋಟ ಹೋಗುತ್ತದೆ. ಬಲಪಾರ್ಶ್ವದ ನೋಟ ಹೋದವರು ಸಾಮಾನ್ಯವಾಗಿ ಬಲಗಣ್ಣು ಕಾಣುತ್ತಿಲ್ಲ ಎನ್ನುತ್ತಾರೆ. ಆದರೆ ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿದಾಗ ಎರಡರಲ್ಲೂ ಬಲಭಾಗವೇ ಮಾಯವಾಗಿರುವುದು ಗೊತ್ತಾಗುತ್ತದೆ. ಇದರೊಡನೆ ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ತಟ್ಟನೆ ಒಂದು ವಸ್ತು ಎರಡಾಗಿ ಕಾಣುವುದು ಇದ್ದರೆ ಆಂಬ್ಯುಲೆನ್ಸ್ ಕರೆಸಬೇಕು.

ಐವತ್ತು ದಾಟಿದವರಲ್ಲಿ ಇನ್ನೊಂದು ಕಾಯಿಲೆಯನ್ನು ಮನಸ್ಸಿನಲ್ಲಿಡಬೇಕು. ಕಣತಲೆಯ ಅಪಧಮನಿಗಳು ಉರಿಯೂತದಿಂದ ಊದಿಕೊಂಡಾಗ ಹೊಸದಾಗಿ ತಲೆನೋವು ಬರುತ್ತದೆ, ತಲೆ ಬಾಚುವಾಗ ನೆತ್ತಿ ಮುಟ್ಟಿದರೆ ನೋಯುತ್ತದೆ, ಅಗಿಯುತ್ತಾ ಅಗಿಯುತ್ತಾ ದವಡೆ ಸೋತು ನೋಯತೊಡಗುತ್ತದೆ, ಮೈ ಬಳಲುತ್ತದೆ, ತೂಕ ಇಳಿಯುತ್ತದೆ. ಈ ಲಕ್ಷಣಗಳ ನಡುವೆ ಒಂದು ಕಣ್ಣು ಮಂಜಾದರೆ, ಚಿಕಿತ್ಸೆ ಸಿಗದಿದ್ದಾಗ ಇನ್ನೊಂದು ಕಣ್ಣೂ ಕೆಲವೇ ದಿನಗಳಲ್ಲಿ ಹೋಗಬಹುದು. ಸ್ಟೆರಾಯ್ಡ್ ಔಷಧವನ್ನು ಕೂಡಲೇ ಆರಂಭಿಸಿದರೆ ಎರಡನೆಯ ಕಣ್ಣು ಉಳಿಯುವ ಸಾಧ್ಯತೆ ಬಹಳ ಹೆಚ್ಚು. ದವಡೆಯ ನೋವಿಗೂ ಕಣ್ಣಿಗೂ ನಂಟಿದೆಯೆಂದು ರೋಗಿಗೆ ಹೊಳೆಯುವುದಿಲ್ಲ. ಆದ್ದರಿಂದ ವೈದ್ಯರು ಕೇಳದಿದ್ದರೂ ಅದನ್ನು ನೀವಾಗಿಯೇ ಹೇಳಬೇಕು.

ಕತ್ತಲಲ್ಲಿ ಅಂಚಿನಲ್ಲಿ ಮಿಂಚು ಹೊಳೆದಂತೆ ಕಾಣುವುದು, ಒಮ್ಮೆಲೇ ಕಪ್ಪು ಚುಕ್ಕೆಗಳೋ ಮಸಿಯ ಎಳೆಗಳೋ ತೇಲತೊಡಗುವುದು, ನಂತರ ಒಂದು ಬದಿಯಿಂದ ನೆರಳು ಆವರಿಸುತ್ತಾ ಬರುವುದು ಅಕ್ಷಿಪಟಲ ಹರಿದು ಕಳಚುತ್ತಿರುವ ಲಕ್ಷಣಗಳು. ಹೆಚ್ಚಿನ ಮೈನಸ್ ನಂಬರು ಇರುವವರಲ್ಲಿ, ಪೊರೆಯ ಶಸ್ತ್ರಚಿಕಿತ್ಸೆ ಆದವರಲ್ಲಿ, ಕಣ್ಣಿಗೆ ಪೆಟ್ಟು ಬಿದ್ದವರಲ್ಲಿ ಇದರ ಸಂಭವ ಹೆಚ್ಚು. ಬರೀ ಹರಿದಿರುವ ಹಂತದಲ್ಲೇ ಸಿಕ್ಕರೆ ಲೇಸರ್‌ನಿಂದ ಸುತ್ತಲೂ ಬೆಸೆದು ಕಳಚುವುದನ್ನು ತಡೆಯಬಹುದು. ಕಳಚಿದ ಮೇಲೂ, ಸ್ಪಷ್ಟ ನೋಟಕ್ಕೆ ಕಾರಣವಾದ ನಡುಭಾಗ, ಅಂದರೆ ಮ್ಯಾಕುಲಾ, ಇನ್ನೂ ಅಂಟಿಕೊಂಡಿರುವಾಗಲೇ ಶಸ್ತ್ರಚಿಕಿತ್ಸೆ ಆದರೆ ಫಲಿತಾಂಶ ಬಹಳ ಚೆನ್ನಾಗಿರುತ್ತದೆ. ಅಕ್ಷರಗಳು ಇನ್ನೂ ಓದಲು ಬರುತ್ತಿವೆ ಎಂಬುದು ಹೀಗಾಗಿ ತಡಮಾಡಲು ಕಾರಣವಲ್ಲ, ಓಡಿಹೋಗಲು ಕಾರಣ.

ನೋವಿರುವ ತುರ್ತುಗಳಲ್ಲಿ ಮುಖ್ಯವಾದದ್ದು ಕಣ್ಣಿನೊಳಗಿನ ಒತ್ತಡ ಹಠಾತ್ತನೆ ಏರುವ ಬಗೆಯ ಗ್ಲಾಕೋಮಾ. ಕಣ್ಣು ಕೆಂಪಾಗಿ ವಿಪರೀತ ನೋಯುತ್ತದೆ, ದೀಪಗಳ ಸುತ್ತ ಕಾಮನಬಿಲ್ಲಿನಂಥ ಬಳೆ ಕಾಣುತ್ತದೆ, ವಾಂತಿಯಾಗುತ್ತದೆ. ವಾಂತಿ ಮತ್ತು ತಲೆನೋವು ಎದ್ದು ಕಾಣುವುದರಿಂದ ಇದನ್ನು ಪಿತ್ತವೆಂದೋ ಮೈಗ್ರೇನ್ ಎಂದೋ ತಿಳಿದು ಕಣ್ಣನ್ನೇ ಮರೆಯುವ ಅಪಾಯವಿದೆ.

ಕಣ್ಣಿಗೆ ರಾಸಾಯನಿಕ ಬಿದ್ದಾಗ ಆಸ್ಪತ್ರೆಗಿಂತ ಮೊದಲು ನೀರು. ಸುಣ್ಣ, ಸಿಮೆಂಟ್, ಚರಂಡಿ ಶುಚಿಗೊಳಿಸುವ ಪುಡಿಯಂಥ ಕ್ಷಾರಗಳು ಆಮ್ಲಗಳಿಗಿಂತಲೂ ಆಳಕ್ಕೆ ಇಳಿಯುತ್ತವೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದು, ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು, ಶುದ್ಧ ನೀರನ್ನು ಮೂಗಿನ ಕಡೆಯಿಂದ ಹೊರಕ್ಕೆ ಹರಿಯುವಂತೆ ಕನಿಷ್ಠ 20 ನಿಮಿಷ ಬಿಡಬೇಕು. ಇನ್ನೊಂದು ಕಣ್ಣಿಗೆ ಅದು ಹರಿಯದಂತೆ ತಲೆಯನ್ನು ವಾಲಿಸಬೇಕು. ಕ್ಷಾರಕ್ಕೆ ಹುಳಿ ಹಾಕಿ ಶಮನಗೊಳಿಸುವ ಪ್ರಯತ್ನ ಬೇಡ. ಆದರೆ ಚೂಪಾದ ವಸ್ತು ಕಣ್ಣಿಗೆ ಚುಚ್ಚಿದ್ದರೆ ಕ್ರಮ ಬೇರೆಯೇ: ತೊಳೆಯಬಾರದು, ಒತ್ತಬಾರದು, ಸಿಕ್ಕಿಕೊಂಡದ್ದನ್ನು ಕೀಳಬಾರದು. ಕಣ್ಣನ್ನು ತಾಗದಂತೆ ಕಾಗದದ ಲೋಟವೊಂದನ್ನು ಮೇಲಿಟ್ಟು ಅಂಟಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಅದೇ ದಿನ ಅಥವಾ ಮರುದಿನ ತೋರಿಸಬೇಕಾದವು

ದೃಷ್ಟಿ ಕೆಲವು ದಿನಗಳಲ್ಲಿ ಕುಗ್ಗುತ್ತಾ, ಕಣ್ಣು ಹೊರಳಿಸಿದಾಗ ನೋವಾಗಿ, ಬಣ್ಣಗಳು ಮಾಸಿದರೆ ಅದು ದೃಷ್ಟಿನರದ ಉರಿಯೂತವಾಗಿರಬಹುದು; ಇದು ಹೆಚ್ಚಾಗಿ 20ರಿಂದ 40ರ ವಯಸ್ಸಿನವರಲ್ಲಿ ಕಂಡುಬರುತ್ತದೆ. ಕೆಂಪಾದ ಕಣ್ಣಿನಲ್ಲಿ ದೃಷ್ಟಿಯೂ ಮಂಜಾಗಿ ಬೆಳಕು ನೋಡಲು ಆಗದಿದ್ದರೆ ಅದು ಸಾಮಾನ್ಯ ಕಣ್ಣುಬೇನೆಯಲ್ಲ. ಕಾರ್ನಿಯಾದ, ಅಂದರೆ ಕಣ್ಣಿನ ಮುಂಬದಿಯ ಪಾರದರ್ಶಕ ಪದರದ, ಹುಣ್ಣೋ ಒಳಗಿನ ಉರಿಯೂತವೋ ಆಗಿರಬಹುದು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಮಲಗುವವರಿಗೆ, ಅದನ್ನು ನಲ್ಲಿ ನೀರಿನಲ್ಲಿ ತೊಳೆಯುವವರಿಗೆ, ಹೊಲದಲ್ಲಿ ಗರಿ, ಕಡ್ಡಿ, ಹೊಟ್ಟು ಕಣ್ಣಿಗೆ ತಾಗಿದವರಿಗೆ ಇಂಥ ಹುಣ್ಣು ಆಗುವ ಸಾಧ್ಯತೆ ಹೆಚ್ಚು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಮನೆಯಲ್ಲಿ ಉಳಿದಿರುವ ಅಥವಾ ಔಷಧಿ ಅಂಗಡಿಯಲ್ಲಿ ಕೇಳಿ ತಂದ ಕಣ್ಣಿನ ಹನಿಗಳನ್ನು ಹಾಕಬೇಡಿ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಕೆಂಪು ಇಳಿದು ಗುಣವಾದಂತೆ ತೋರುತ್ತಲೇ ಶಿಲೀಂಧ್ರದ ಸೋಂಕು ಆಳಕ್ಕೆ ಹರಡುತ್ತದೆ. ತಿಂಗಳುಗಟ್ಟಲೆ ಬಳಸಿದರೆ ಅದೇ ಹನಿ ಗ್ಲಾಕೋಮಾವನ್ನೂ ಪೊರೆಯನ್ನೂ ತರಬಲ್ಲದು. ಹಾಕಿಕೊಂಡಿದ್ದ ಲೆನ್ಸನ್ನು ಎಸೆಯದೆ ಡಬ್ಬಿಯ ಸಮೇತ ವೈದ್ಯರಿಗೆ ಕೊಟ್ಟರೆ ಸೋಂಕಿನ ಮೂಲ ಪತ್ತೆಹಚ್ಚಲು ನೆರವಾಗುತ್ತದೆ.

ನೇರ ಗೆರೆಗಳು ಹೊಸದಾಗಿ ಡೊಂಕಾಗಿ ಕಂಡರೆ, ಮುಖ ನೋಡುವಾಗ ನಡುವೆಯೇ ಮಸುಕು ಕಂಡರೆ, ಮ್ಯಾಕುಲಾದ ಅಡಿಯಲ್ಲಿ ಹೊಸ ರಕ್ತನಾಳಗಳು ಸೋರುತ್ತಿರಬಹುದು. ವಯಸ್ಸಾದವರಲ್ಲಿ, ವಿಶೇಷವಾಗಿ ಧೂಮಪಾನಿಗಳಲ್ಲಿ ಇದು ಹೆಚ್ಚು. ಇದಕ್ಕೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಇದೆ, ಆದರೆ ಗಾಯದ ಕಲೆ ಕಟ್ಟುವ ಮೊದಲೇ ಕೊಡಬೇಕು. ಅಂಕುಡೊಂಕಾದ ಹೊಳೆಯುವ ಗೆರೆ ಎರಡೂ ಕಣ್ಣುಗಳಲ್ಲಿ ಮೂಡಿ, ನಿಧಾನವಾಗಿ ಹರಡಿ, ಒಂದು ಗಂಟೆಯೊಳಗೆ ಮಾಯವಾಗುವುದು ಬಹುಮಟ್ಟಿಗೆ ಮೈಗ್ರೇನ್. ಐವತ್ತರ ನಂತರ ಮೊದಲ ಬಾರಿಗೆ ಬಂದರೆ ಮಾತ್ರ ಹಾಗೆಂದು ತಾವೇ ತೀರ್ಮಾನಿಸಬಾರದು.

ನಿಧಾನವಾಗಿ ಕುಗ್ಗುವ ದೃಷ್ಟಿ

ನಲವತ್ತರ ಆಸುಪಾಸಿನಲ್ಲಿ ಓದುವಾಗ ಪುಸ್ತಕವನ್ನು ದೂರ ಹಿಡಿಯಬೇಕಾಗುವುದು ಚಾಳೀಸು, ಕನ್ನಡಕ ಸಾಕು. ರೆಪ್ಪೆ ಮಿಟುಕಿಸಿದಾಗ ತಿಳಿಯಾಗುವ ಮಂಜು ಹೆಚ್ಚಾಗಿ ಕಣ್ಣಿನ ಒಣಗುವಿಕೆಯದು.

ಪೊರೆ ಬರುವಾಗ ಎದುರು ವಾಹನದ ದೀಪ ಕಣ್ಣಿಗೆ ಚೆಲ್ಲಿದಂತಾಗುತ್ತದೆ, ಬಿಳಿ ಬಣ್ಣ ಹಳದಿಗೆ ತಿರುಗುತ್ತದೆ, ಕನ್ನಡಕದ ನಂಬರು ಪದೇ ಪದೇ ಬದಲಾಗುತ್ತದೆ. ಕೆಲವರಿಗೆ ಇದ್ದಕ್ಕಿದ್ದಂತೆ ಓದುವ ಕನ್ನಡಕವೇ ಬೇಡವಾಗುತ್ತದೆ; ಕಣ್ಣು ಸುಧಾರಿಸಿತೆಂದು ಅವರು ಸಂತೋಷಪಟ್ಟರೂ ಅದು ಪೊರೆ ಗಟ್ಟಿಯಾಗುತ್ತಿರುವ ಚಿಹ್ನೆ. ಅದನ್ನು ಕರಗಿಸುವ ಹನಿಯೂ ಇಲ್ಲ, ಮಾತ್ರೆಯೂ ಇಲ್ಲ. ಶಸ್ತ್ರಚಿಕಿತ್ಸೆಯೊಂದೇ ದಾರಿ, ಮತ್ತು ಪೊರೆ ಪೂರ್ತಿ ಬಲಿಯಲಿ ಎಂದು ಕಾಯುವ ಅಗತ್ಯವಿಲ್ಲ. ದಿನದ ಕೆಲಸಕ್ಕೆ ಅಡ್ಡಿಯಾದಾಗ ಮಾಡಿಸಿಕೊಳ್ಳಬಹುದು.

ನಿಧಾನಗತಿಯ ಗ್ಲಾಕೋಮಾ ಇದಕ್ಕೆ ತದ್ವಿರುದ್ಧ. ಪೊರೆಯಿಂದ ಹೋದ ದೃಷ್ಟಿ ಮರಳುತ್ತದೆ, ಗ್ಲಾಕೋಮಾದಿಂದ ಹೋದದ್ದು ಮರಳುವುದಿಲ್ಲ. ಅದು ಅಂಚಿನ ನೋಟವನ್ನು ಮೊದಲು ತಿನ್ನುತ್ತದೆ. ಎದುರಿನ ಅಕ್ಷರಗಳು ಕೊನೆಯವರೆಗೂ ಸ್ಪಷ್ಟವಾಗಿಯೇ ಇರುವುದರಿಂದ, ಬಾಗಿಲಿಗೆ ಭುಜ ತಾಗತೊಡಗುವಷ್ಟರಲ್ಲಿ ನರದ ಬಹುಭಾಗ ಸತ್ತಿರುತ್ತದೆ. ತಂದೆ ತಾಯಿಗೋ ಒಡಹುಟ್ಟಿದವರಿಗೋ ಗ್ಲಾಕೋಮಾ ಇದ್ದರೆ, ಯಾವ ತೊಂದರೆಯೂ ಇಲ್ಲದಿದ್ದಾಗಲೇ ಕಣ್ಣಿನ ಒತ್ತಡ ಮತ್ತು ದೃಷ್ಟಿನರದ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಸಕ್ಕರೆ ಕಾಯಿಲೆಯೂ ಹೀಗೆಯೇ ಸದ್ದಿಲ್ಲದೆ ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳನ್ನು ಹಾಳುಮಾಡುತ್ತದೆ. ಎರಡನೆಯ ಬಗೆಯ ಮಧುಮೇಹ ಗೊತ್ತಾದ ಕೂಡಲೇ, ಮೊದಲ ಬಗೆಯದಾದರೆ ಆರಂಭವಾದ ಐದು ವರ್ಷಗಳೊಳಗೆ ಪಾಪೆ ಹಿಗ್ಗಿಸಿ ಪರೀಕ್ಷಿಸಬೇಕು. ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಗರ್ಭಿಣಿಯಾದಾಗ ಈ ರೋಗ ವೇಗವಾಗಿ ಉಲ್ಬಣಿಸಬಹುದಾದ್ದರಿಂದ ಮಧುಮೇಹವಿರುವ ಮಹಿಳೆಯರು ಮೊದಲ ತಿಂಗಳುಗಳಲ್ಲೇ ತೋರಿಸಿಕೊಳ್ಳಬೇಕು. ಕ್ಷಯಕ್ಕೆ ಕೊಡುವ ಎಥಾಂಬ್ಯುಟಾಲ್, ಸಂಧಿವಾತಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಕೂಡ ಕೆಲವರ ದೃಷ್ಟಿಗೆ ತೊಂದರೆ ಮಾಡುತ್ತವೆ. ಸಂದೇಹ ಬಂದರೆ ಔಷಧ ಬರೆದ ವೈದ್ಯರಿಗೆ ತಕ್ಷಣ ತಿಳಿಸಿ.

ಮಕ್ಕಳು ತಮಗೆ ಕಾಣುತ್ತಿಲ್ಲವೆಂದು ಹೇಳುವುದಿಲ್ಲ, ಏಕೆಂದರೆ ಸ್ಪಷ್ಟವಾಗಿ ಕಾಣುವುದು ಹೇಗಿರುತ್ತದೆಂದೇ ಅವರಿಗೆ ತಿಳಿದಿರುವುದಿಲ್ಲ. ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ, ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಕಂಡರೂ, ಅದು ಪೊರೆಯಿರಬಹುದು ಅಥವಾ ಅಕ್ಷಿಪಟಲದ ಕ್ಯಾನ್ಸರ್ ಇರಬಹುದು; ಕೆಲವೇ ದಿನಗಳೊಳಗೆ ತೋರಿಸಲೇಬೇಕು. ಮೆಳ್ಳೆಗಣ್ಣು ಬೆಳೆಯುತ್ತಾ ಸರಿಹೋಗುತ್ತದೆಂದು ಬಿಟ್ಟರೆ ಮಿದುಳು ಆ ಕಣ್ಣನ್ನು ಬಳಸುವುದನ್ನೇ ಕಲಿಯುವುದಿಲ್ಲ. ಏಳು ವರ್ಷದೊಳಗೆ ಚಿಕಿತ್ಸೆ ಆರಂಭಿಸಿದರೆ ಫಲ ಹೆಚ್ಚು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಮೊದಲ ವಾರಗಳಲ್ಲೇ ಅಕ್ಷಿಪಟಲದ ತಪಾಸಣೆ ಬೇಕು. ಸಂಜೆಯಾದ ಮೇಲೆ ಮಗು ತಡವರಿಸಿದರೆ ಎ ವಿಟಮಿನ್ ಕೊರತೆಯನ್ನೂ ವಂಶಪಾರಂಪರ್ಯದ ಇರುಳುಗುರುಡನ್ನೂ ಶಂಕಿಸಬೇಕು.

ವೈದ್ಯರ ಬಳಿ ಹೋಗುವಾಗ

ಮಂಜು ಯಾವಾಗ ಶುರುವಾಯಿತು, ಆಗ ಏನು ಮಾಡುತ್ತಿದ್ದಿರಿ, ಯಾವ ಕಣ್ಣು, ಬಂದು ಹೋಗುತ್ತದೆಯೇ ಎಂಬುದನ್ನು ಬರೆದುಕೊಂಡು ಹೋಗಿ. ಹಳೆಯ ಕನ್ನಡಕ, ಸೇವಿಸುತ್ತಿರುವ ಔಷಧಗಳು, ಹಾಕಿಕೊಂಡ ಹನಿಯ ಸೀಸೆ ಜೊತೆಯಲ್ಲಿರಲಿ. ಪಾಪೆ ಹಿಗ್ಗಿಸಿದ ಬಳಿಕ ಕೆಲವು ಗಂಟೆ ಹತ್ತಿರದ್ದು ಮಸುಕಾಗಿ ಬಿಸಿಲು ಚುಚ್ಚುವುದರಿಂದ ವಾಹನ ಓಡಿಸಬೇಡಿ, ಯಾರನ್ನಾದರೂ ಕರೆದುಕೊಂಡು ಹೋಗಿ. ತೇಲುವ ಚುಕ್ಕೆಗಳಿಗಾಗಿ ಪರೀಕ್ಷಿಸಿಕೊಂಡವರಿಗೆ ಅಕ್ಷಿಪಟಲ ಹರಿದಿಲ್ಲವೆಂದು ವೈದ್ಯರು ಹೇಳಿದರೂ ಮುಂದಿನ ಕೆಲವು ವಾರಗಳಲ್ಲಿ ಹೊಸದಾಗಿ ಹರಿಯಬಹುದು. ಆ ಅವಧಿಯಲ್ಲಿ ದಿನಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳಿ. ಚುಕ್ಕೆಗಳು ಹೆಚ್ಚಿದರೆ, ಮಿಂಚು ಮರುಕಳಿಸಿದರೆ ಅಥವಾ ಅಂಚಿನಲ್ಲಿ ನೆರಳು ಕಂಡರೆ, ಮೊನ್ನೆ ತಾನೇ ತೋರಿಸಿದ್ದೇವಲ್ಲ ಎಂದುಕೊಳ್ಳದೆ ಅದೇ ದಿನ ಮತ್ತೆ ಹೋಗಿ.